ಅಶ್ವಿತನ ‘ಹೂಂ’

ಜನವರಿ 9, ಗುರುವಾರ. ಡಯಾಲಿಸಿಸ್ ವಾರ್ಡಿನ ಹೊರಗೆ.

ಮತ್ತೆ ಅದೇ ಕುರ್ಚಿ. ಒಂದು ಕಾಲು ಗಿಡ್ಡ. ಸೋಮವಾರ ಹೇಳಿದ್ದೆ, ಅದರ ಹಿಂದಿನ ವಾರವೂ ಹೇಳಿದ್ದೆ. ವಾರ್ಡ್‌ಬಾಯ್ ‘ಹೋ ಮಾವಶಿ’ – ಆಯ್ತು ಚಿಕ್ಕಮ್ಮ – ಎಂದು ನಕ್ಕು ಹೋಗುತ್ತಾನೆ. ಕುರ್ಚಿ ಹಾಗೆಯೇ ಕುಂಟುತ್ತದೆ. ಒಳಗೆ ಇವರು ಮೆಷಿನ್ನಿಗೆ ಸಿಕ್ಕಿಸಿಕೊಂಡು ಮಲಗಿದ್ದಾರೆ. ವಾರಕ್ಕೆ ಎರಡು ಸಲ. ಎರಡೂ ಸಲ ಹೊರಗೆ ಬಂದು ಕೇಳುವುದು ಒಂದೇ – ಹೋಟೆಲಿನಲ್ಲಿ ಮಧ್ಯಾಹ್ನ ರಶ್ ಇತ್ತಾ? ಈ ಮರಾಠಿ ಊರಿನ ಕ್ಯಾಂಪ್ ಪೇಟೆಯಲ್ಲಿ ನಮ್ಮ ಹೋಟೆಲು ಇವರಿಲ್ಲದಿದ್ದರೂ ನಡೆಯುತ್ತಿದೆ. ಪಾಲುದಾರ ಧರ್ಮಣ್ಣ ಇದ್ದಾರೆ, ನಮ್ಮ ಕಾರ್ಕಳದ ಕಡೆಯವರೇ. ಅದು ನಡೆಯುತ್ತಿದೆ ಎಂಬುದೇ ಇವರಿಗೆ ಬೇಜಾರು.

ಕಿಡ್ನಿ ಬದಲಿಸದೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದು ಆಗಸ್ಟಿನಲ್ಲಿ. ನನ್ನದು ಬಿ ಗ್ರೂಪ್, ಇವರದು ಓ. ಆಗುವುದಿಲ್ಲ. ಮಗಳು ಹರ್ಷಾಳದೂ ಬಿ. ಸತ್ತವರ ಕಿಡ್ನಿಗಾಗಿ ಹೆಸರು ಬರೆಸಿದ್ದೇವೆ. ಆ ಕ್ಯೂ ಯಾವಾಗ ಮುಂದೆ ಹೋಗುತ್ತದೋ ದೇವರಿಗೇ ಗೊತ್ತು.

ಆದರೆ ಇವತ್ತು ಸುದ್ದಿ ಇದೆ. ಅಶ್ವಿತನದು ಓ ಪಾಸಿಟಿವ್!

ಅಶ್ವಿತ್ ಇವರ ತಮ್ಮ. ಅತ್ತೆಯ ಕೊನೆಯ ಮಗು. ಮೂವತ್ತು ದಾಟಿದೆ, ಬುದ್ಧಿ ಏಳೆಂಟು ವರ್ಷದ ಹುಡುಗನದು. ಅತ್ತೆ ತೀರಿಕೊಂಡ ಮೇಲೆ ನಮ್ಮೊಟ್ಟಿಗೇ ಇದ್ದಾನೆ. ಹೋಟೆಲಿನಲ್ಲಿ ಟೇಬಲ್ಲಿಗೆ ನೀರಿಡುತ್ತಾನೆ, ಪೇಪರ್ ನ್ಯಾಪ್ಕಿನ್ ಮಡಚುತ್ತಾನೆ. ಇಷ್ಟು ತಿಂಗಳು ಯಾರಿಗೂ ಅವನ ನೆನಪೇ ಆಗಲಿಲ್ಲ. ಅವನನ್ನು ಯಾವುದಕ್ಕಾದರೂ ಲೆಕ್ಕಕ್ಕೆ ಹಿಡಿದದ್ದುಂಟಾ ನಾವು. ಬೆಳಿಗ್ಗೆ ಕೇಳಿದೆ, ಅಣ್ಣನಿಗೆ ನಿನ್ನ ಒಂದು ಕಿಡ್ನಿ ಕೊಡ್ತೀಯಾ ಅಂತ.

“ಹೂಂ ಅತ್ತಿಗೆ.”

ತಕ್ಷಣ. ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

ಜನವರಿ 13, ಸೋಮವಾರ

ಸಿಟ್ಟು ಇಳಿಯುತ್ತಿಲ್ಲ. ಬರೆದರೆ ಇಳಿಯಬಹುದು.

ಆಸ್ಪತ್ರೆಯಲ್ಲಿ ಕಸಿಯ ಕೆಲಸವನ್ನೆಲ್ಲ ನೋಡಿಕೊಳ್ಳುವ ಹುಡುಗಿ ನಿಖಿತಾ. ಮೈಸೂರಿನವಳು. ಕನ್ನಡದವಳೆಂದು ನನಗೆ ಅವಳ ಮೇಲೆ ಒಂದು ಸಲುಗೆ. ಅಶ್ವಿತನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಅವನೊಡನೆ ಸ್ವಲ್ಪ ಹೊತ್ತು ಮಾತಾಡಿದಳು. ತಿಂಡಿ ಏನು, ಹೋಟೆಲಿನಲ್ಲಿ ಏನು ಮಾಡ್ತೀರ, ಇವತ್ತು ಯಾವ ವಾರ. ವಾರ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

“ಮೇಡಂ, ಇವರಿಗೆ ಡಿಸಬಿಲಿಟಿ ಸರ್ಟಿಫಿಕೇಟ್ ಇದೆಯಲ್ವಾ?”

“ಉಂಟು. ನಾನೇ ಅವನ ಲೀಗಲ್ ಗಾರ್ಡಿಯನ್. ಕಲೆಕ್ಟರ್ ಕಮಿಟಿಯ ಆರ್ಡರೇ ಉಂಟು. ಎಲ್ಲಿ ಸೈನ್ ಬೇಕು ಹೇಳು, ಹಾಕ್ತೇನೆ.”

“ಸೈನ್ ಪ್ರಶ್ನೆ ಅಲ್ಲ ಮೇಡಂ. ಅಂಥವರು ಬದುಕಿರುವಾಗ ಅವರ ಆರ್ಗನ್ ತೆಗೆಯೋ ಹಾಗೇ ಇಲ್ಲ. ಕಾನೂನಲ್ಲೇ ಇದೆ. ಅವರು ಒಪ್ಪಿದ್ರೂ ಇಲ್ಲ, ಗಾರ್ಡಿಯನ್ ಒಪ್ಪಿದ್ರೂ ಇಲ್ಲ.”

“ಸ್ವಂತ ಅಣ್ಣನಿಗೂ?”

“ಸ್ವಂತ ಅಣ್ಣನಿಗೂ.”

ಹಾಗಾದರೆ ಆ ಆರ್ಡರ್ ಇಟ್ಟುಕೊಂಡು ಉಪ್ಪಿನಕಾಯಿ ಹಾಕುವುದಾ? ಅದಕ್ಕಾಗಿ ಎಷ್ಟು ಅಲೆದಿದ್ದೇನೆ. ‘ಉದ್ಯಾ ಯಾ’ – ನಾಳೆ ಬನ್ನಿ. ನಾಳೆ ಹೋದರೆ ಸಾಹೇಬರು ರಜೆ. ಅವನು ನಿಜವಾಗಿಯೂ ಬುದ್ಧಿಮಾಂದ್ಯನೇ ಎಂದು ಸಾಬೀತು ಮಾಡು ಎಂದರು, ಮಾಡಿದೆ. ನಾನು ಅವನನ್ನು ಹೊಡೆಯುವುದಿಲ್ಲ, ಉಪವಾಸ ಹಾಕುವುದಿಲ್ಲ ಎಂದು ಮನೆಗೇ ಬಂದು ನೋಡಿದರು, ಕುಕ್ಕರಿನ ಮುಚ್ಚಳ ಸಹ ತೆಗೆದು ನೋಡಿದರು. ಅವನ ಬ್ಯಾಂಕಿಗೆ ನಾನು ಸಹಿ ಹಾಕಬಹುದು. ಅವನ ಹಲ್ಲು ಕೀಳಿಸಲು ಹಾಕಬಹುದು. ಜ್ವರ ಬಂದರೆ ರಾತ್ರಿಯೆಲ್ಲ ಕೂರಬಹುದು. ಅವನ ಅಣ್ಣ ಸಾಯುತ್ತಿರುವಾಗ ಮಾತ್ರ ನಾನು ಯಾರೂ ಅಲ್ಲ!

ನಿಖಿತಾಳಿಗೆ ಇದನ್ನೆಲ್ಲ ಹೇಳಿದೆ. ದೊಡ್ಡ ಸ್ವರದಲ್ಲೇ. ಅವಳು ಕೇಳಿಸಿಕೊಂಡಳು. “ಲಾ ಹಾಗಿದೆ ಮೇಡಂ” ಎಂದಳು. ಅಶ್ವಿತ್ ಅವಳ ಮೇಜಿನ ಮೇಲಿದ್ದ ಟಿಶ್ಯೂ ಪೇಪರನ್ನೆಲ್ಲ ಮಡಚಿ ಇಟ್ಟಿದ್ದ.

ಜನವರಿ 16, ಗುರುವಾರ

ಶಿವಾಜಿನಗರದ ವಕೀಲರೂ ಅದನ್ನೇ ಹೇಳಿದರು. ಕೋರ್ಟಿಗೆ ಹೋದರೂ ಪ್ರಯೋಜನವಿಲ್ಲವಂತೆ.

ಧರ್ಮಣ್ಣ ಸಂಜೆ ಮನೆಗೆ ಬಂದರು. ಸೋಫಾದಲ್ಲಿ ಮುಂದಕ್ಕೆ ಬಾಗಿ, ಮೆಲ್ಲಗೆ.

“ಲೀಲಕ್ಕ, ಈ ಆಸ್ಪತ್ರೆಯೇ ಆಗ್ಬೇಕು ಅಂತ ಉಂಟಾ? ಬೇರೆ ಊರಿಗೆ ಹೋಗುವ. ಸರ್ಟಿಫಿಕೇಟು, ಆರ್ಡರು, ಎಂತದೂ ತೋರಿಸುದು ಬೇಡ. ಆಧಾರಿನಲ್ಲಿ ಹುಚ್ಚ ಅಂತ ಬರ್ದಿರ್ತದಾ?”

“ಅವನು ಹುಚ್ಚ ಅಲ್ಲ.”

“ಅದೇ ನಾನೂ ಹೇಳುದು ಮಾರಾಯ್ತಿ! ಸ್ವಲ್ಪ ಮಂದ ಅಷ್ಟೆ. ಅಲ್ಲಿಯ ಆಸ್ಪತ್ರೆ ಕಮಿಟಿಯವರು ನಾಲ್ಕು ಪ್ರಶ್ನೆ ಕೇಳ್ತಾರೆ, ವಿಡಿಯೋ ಮಾಡ್ತಾರೆ. ಉತ್ತರ ಕಲಿಸಿದ್ರೆ ಆಯ್ತು. ಹುಡುಗನಿಗೆ ಬಾಯಿಪಾಠ ಭಾರೀ ಬೇಗ.”

ಕಾಫಿ ತರಲು ಒಳಗೆ ಹೋದೆ. ಬೇಡ ಎನ್ನಲಿಲ್ಲ.

ಫೆಬ್ರವರಿ 3, ಸೋಮವಾರ

ಬರೆಯಲಾಗಲಿಲ್ಲ. ಇವರಿಗೆ ಉಸಿರು ಕಟ್ಟಿ ಐಸಿಯು. ಎದೆಯಲ್ಲಿ ನೀರು. ನಿನ್ನೆ ಮನೆಗೆ ಬಂದೆವು. ಮುಖ ಊದಿಕೊಂಡು ಬೇರೆ ಯಾರೋ ಇದ್ದ ಹಾಗೆ ಕಾಣುತ್ತಾರೆ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂತರು. ಲಿಫ್ಟು ಮತ್ತೆ ಕೆಟ್ಟಿದೆ. ಸೊಸೈಟಿಯ ಸೆಕ್ರೆಟರಿಗೆ ಫೋನು ಮಾಡಿದರೆ, ಮೀಟಿಂಗಿನಲ್ಲಿ ವಿಷಯ ಇಡುತ್ತಾರಂತೆ.

ಧರ್ಮಣ್ಣನ ಯೋಜನೆ ಇವರಿಗೂ ಗೊತ್ತು. ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ಇವತ್ತು ಕಾಲು ಒತ್ತುತ್ತಿದ್ದಾಗ ಕೇಳಿದೆ – ನೀವೆಂತ ಹೇಳ್ತೀರಿ?

“ನಾನು ಬೇಡ ಅಂತ ಹೇಳ್ತೇನೆ ಅಂತ ಕಾಯ್ತಾ ಇದ್ದೀಯಾ?” ಎಂದರು.

ಇನ್ನೊಂದು ಕಾಲಿಗೆ ಕೈ ಹಾಕಿದೆ.

“ಹೇಳುದಿಲ್ಲ ಲೀಲಾ. ನನಗೆ ಬದುಕ್ಬೇಕು.”

ಗೋಡೆ ಕಡೆ ತಿರುಗಿದರು. ಹೀಗೆ ನೇರವಾಗಿ ಹೇಳಿದವರ ಮೇಲೆ ರೇಗುವುದು ಹೇಗೆ? ಕಾಲು ಒತ್ತುತ್ತಾ ಕೂತೆ.

ಫೆಬ್ರವರಿ 6, ಗುರುವಾರ. ಹೋಟೆಲು, ಮಧ್ಯಾಹ್ನ.

ಊಟದ ಗಿರಾಕಿಗಳು ಹೋಗಿ ಸಂಜೆ ತಿಂಡಿ ಶುರುವಾಗುವ ಮೊದಲಿನ ಹೊತ್ತು. ಶಟರ್ ಅರ್ಧ ಇಳಿಸಿ ಧರ್ಮಣ್ಣ ಪಾಠ ಮಾಡುತ್ತಿದ್ದಾರೆ. ಮೂರ್ನಾಲ್ಕು ದಿನದಿಂದ ನಡೆದಿದೆಯಂತೆ.

“ಮೋಹನದಾಸ್ ನಿನಗೆ ಯಾರು?”

“ಸ್ವಂತ ಅಣ್ಣ.”

“ಮನುಷ್ಯನಿಗೆ ಕಿಡ್ನಿ ಎಷ್ಟು?”

“ಎರಡು. ಒಂದರಲ್ಲಿ ಬದುಕಬಹುದು.”

“ಯಾರಾದ್ರೂ ಒತ್ತಾಯ ಮಾಡಿದ್ದಾರಾ?”

“ಇಲ್ಲ. ನನ್ನ ಸ್ವಂತ ಇಚ್ಛೆಯಿಂದ.”

“ಶಾಬ್ಬಾಸ್!”

ಅಶ್ವಿತ್ ನನ್ನ ಕಡೆ ನೋಡಿದ. ನಾನೂ ಶಾಬ್ಬಾಸ್ ಹೇಳಲಿ ಎಂದು. ಧರ್ಮಣ್ಣ ಅವನಿಗೊಂದು ಹೊಸ ಶರ್ಟು ತಂದಿದ್ದಾರೆ, ಇಂಟರ್‌ವ್ಯೂಗೆ. ಈಗಲೇ ಹಾಕುತ್ತೇನೆಂದು ಹಟವಿಲ್ಲ, ಕೇಳಿಯೂ ಇಲ್ಲ. ಮಡಿಲಲ್ಲಿಟ್ಟುಕೊಂಡು ಕೂತಿದ್ದಾನೆ. ನೀರಿಡುವಾಗ ಗಿರಾಕಿಗಳಿಗೂ ಹೇಳುತ್ತಾನಂತೆ, ನನ್ನ ಸ್ವಂತ ಇಚ್ಛೆಯಿಂದ, ನನ್ನ ಸ್ವಂತ ಇಚ್ಛೆಯಿಂದ. ಮರಾಠಿ ಗಿರಾಕಿಗಳು ಏನೋ ಮಂತ್ರ ಎಂದುಕೊಂಡಿದ್ದಾರೆ.

ಶಾಬ್ಬಾಸ್ ಹೇಳಲಾಗಲಿಲ್ಲ. ಅಡುಗೆಮನೆಗೆ ಹೋಗಿ ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಭಟ್ಟರ ಮೇಲೆ ಹಾರಾಡಿದೆ. ಜಾಸ್ತಿ ಆಗಿರಲಿಲ್ಲ.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ. ಇವರು ಮಲಗಿದ್ದರು. ಅಶ್ವಿತನೂ ನಾನೂ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಟಿಕೆಟ್ ಬುಕ್ ಮಾಡಲೇ ಎಂದು ಧರ್ಮಣ್ಣನ ಮೆಸೇಜು ಬಂದಿತ್ತು. ಉತ್ತರ ಕೊಡುವ ಮೊದಲು ಯಾಕೋ ಅವನನ್ನು ಕೇಳಬೇಕೆನಿಸಿತು.

“ಅಶ್ವಿತ್, ಅಣ್ಣನಿಗೆ ಕಿಡ್ನಿ ಕೊಡ್ತೀಯಲ್ಲ?”

“ಹೂಂ.”

“ಎರಡೂ ಕೊಡ್ತೀಯಾ?”

“ಹೂಂ.”

ಒಂದರಲ್ಲಿ ಬದುಕಬಹುದು ಎಂದು ಬಾಯಿಪಾಠ ಹೇಳುವವನು ಇವನೇ. ತಮಾಷೆ ಮಾಡುತ್ತಿದ್ದಾನೋ ಎಂದು ಮುಖ ನೋಡಿದೆ. ಇಲ್ಲ.

“ಅಣ್ಣನಿಗೆ ಕಣ್ಣು ಬೇಕು ಅಂದ್ರೆ?”

“ಕೊಡ್ತೇನೆ.”

“ಎರಡೂ?”

“ಹೂಂ ಅತ್ತಿಗೆ.”

“ಮತ್ತೆ ನೀನು ನೋಡುದು ಹೇಗೆ?”

ಬೆಳ್ಳುಳ್ಳಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ. ನಿಜವಾಗಿ ಯೋಚಿಸಿದ. ಹುಬ್ಬು ಗಂಟು ಹಾಕಿ.

“ನೀವು ಹೇಳ್ತೀರಲ್ಲ, ಎಲ್ಲಿ ಎಂತ ಉಂಟು ಅಂತ.”

ಮತ್ತೆ ಸುಲಿಯತೊಡಗಿದ.

ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಎಷ್ಟು ಹೊತ್ತೋ. ಇವನು ಈ ಮನೆಗೆ ಬಂದ ಮೇಲೆ ಯಾವತ್ತಾದರೂ ಬೇಡ ಎಂದಿದ್ದಾನಾ? ಹಾಗಲಕಾಯಿ ಬಡಿಸಿದರೆ ಹೂಂ. ಇಂಜೆಕ್ಷನ್‌ಗೆ ಹೂಂ. ಹರ್ಷಾ ಅವನ ಮಂಚ ತೆಗೆದುಕೊಂಡು ಹಾಲ್‌ನಲ್ಲಿ ಮಲಗಲು ಕಳಿಸಿದಾಗಲೂ ಹೂಂ. ಒಳ್ಳೆಯ ಹುಡುಗ, ಉಪದ್ರವಿಲ್ಲದ ಹುಡುಗ ಎಂದು ಎಲ್ಲರ ಹತ್ತಿರ ಹೊಗಳಿಕೊಂಡು ತಿರುಗಿದ್ದೇನೆ. ಬೇಡ ಎನ್ನಲು ಗೊತ್ತಿಲ್ಲದವನ ಹೂಂ ಹಿಡಿದುಕೊಂಡು ಎಂತ ಮಾಡುವುದು? ಆ ಮೈಸೂರಿನ ಹುಡುಗಿಗೆ ವಾರದ ಹೆಸರು ಕೇಳಿದಾಗಲೇ ಗೊತ್ತಾಗಿದೆ. ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಫೆಬ್ರವರಿ 10, ಸೋಮವಾರ

ಧರ್ಮಣ್ಣನಿಗೆ ಬೆಳಿಗ್ಗೆಯೇ ಫೋನು. ಆಗುವುದಿಲ್ಲ ಎಂದೆ.

“ಇಷ್ಟು ದೂರ ಬಂದ ಮೇಲೆ? ಲೀಲಕ್ಕ, ಮೋಹನ ಸತ್ರೆ ಆ ಹುಡುಗನನ್ನು ಕಲೆಕ್ಟರ್ ಬಂದು ಸಾಕ್ತಾನಾ?”

“ನಾನು ಸಾಕ್ತೇನೆ.”

“ಗಂಡನನ್ನು ಕೊಂದು ಮೈದುನನನ್ನು ಸಾಕುದು. ಒಳ್ಳೆ ಕಾನೂನು.”

ಫೋನಿಟ್ಟರು. ಅವರು ಕೆಟ್ಟವರಲ್ಲ. ಇವರು ಐಸಿಯುವಿನಲ್ಲಿದ್ದಾಗ ಹೊರಗೆ ಬೆಂಚಿನಲ್ಲಿ ಮಲಗಿದವರು ಅವರೇ. ಅದಕ್ಕೇ ಇನ್ನೂ ಹೊಟ್ಟೆ ಉರಿಯುವುದು.

ಆಮೇಲೆ ಇವರಿಗೆ ಹೇಳಬೇಕಾಯಿತು. ಡಯಾಲಿಸಿಸ್‌ಗೆ ಹೋಗುವ ರಿಕ್ಷಾದಲ್ಲಿ ಹೇಳಿದೆ. ಮನೆಯಲ್ಲಿ ಹೇಳಲು ಧೈರ್ಯವಿರಲಿಲ್ಲ. ಕಣ್ಣಿನ ವಿಷಯವನ್ನೂ ಹೇಳಿದೆ. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತ್ತು. ಸುತ್ತ ಸ್ಕೂಟರುಗಳ ಹಾರ್ನು.

“ನೀನು ನನ್ನ ಹೆಂಡತಿಯಾ, ಅವನ ಗಾರ್ಡಿಯನ್ನಾ?”

“ಎರಡೂ.”

ಆಸ್ಪತ್ರೆಯಲ್ಲಿ ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ. ವಾರ್ಡ್‌ಬಾಯ್‌ನ ಭುಜ ಹಿಡಿದು ಒಳಗೆ ಹೋದರು.

ಫೆಬ್ರವರಿ 17, ಸೋಮವಾರ

ಇವರು ಇನ್ನೂ ಮಾತಾಡುತ್ತಿಲ್ಲ. ಉಪ್ಪಿಲ್ಲದ ಗಂಜಿಯನ್ನು ಉಪ್ಪಿಲ್ಲ ಎಂದು ಬೈಯುವುದು ಸಹ ಬಿಟ್ಟಿದ್ದಾರೆ.

ನಿಖಿತಾಳ ಹತ್ತಿರ ಹೋದೆ. ಕ್ಷಮೆ ಕೇಳಲು ಹೋದದ್ದಲ್ಲ, ಇನ್ನೇನಾದರೂ ಉಂಟಾ ಎಂದು ಕೇಳಲು ಹೋದದ್ದು.

“ಸ್ವಾಪ್ ಇದೆಯಲ್ಲ ಮೇಡಂ.”

“ಎಂತ ಸ್ವಾಪು?”

“ನಿಮ್ಮ ಹಾಗೇ ಕಿಡ್ನಿ ಹೊಂದದ ಇನ್ನೊಂದು ಜೋಡಿ ಇರುತ್ತೆ. ನಿಮ್ಮ ಕಿಡ್ನಿ ಆ ಪೇಷಂಟಿಗೆ, ಅವರ ಮನೆಯವರ ಕಿಡ್ನಿ ಸರ್‌ಗೆ. ಆಗಸ್ಟಲ್ಲೇ ಹೇಳಿದ್ದೆ ನಿಮಗೆ.”

ಹೇಳಿದ್ದಳಂತೆ! ಇವರ ರಿಪೋರ್ಟ್ ಬಂದ ದಿನ. ಆ ದಿನ ಯಾರು ಏನು ಹೇಳಿದರೂ ನನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆದರೂ ಒಂದು ಸಲ ಹೇಳಿ ಬಿಟ್ಟುಬಿಡುವುದಾ? ಆರು ತಿಂಗಳು ನಾವು ತಲೆ ಚಚ್ಚಿಕೊಂಡದ್ದು ಯಾತಕ್ಕೆ? ಅವಳಿಗೂ ರೇಗಿತು. “ಹೆಸರು ಬರೆಸೋಣ್ವಾ, ಇಲ್ಲ ಜಗಳ ಆಡೋಣ್ವಾ ಮೇಡಂ?” ಎಂದಳು.

ಬರೆಸಿದೆ.

ಮಾರ್ಚ್ 11, ಮಂಗಳವಾರ

ಸಾತಾರಾದಲ್ಲಿ ಒಂದು ಜೋಡಿ ಸಿಕ್ಕಿದೆ. ಪೇಷಂಟು ಹೆಂಗಸು, ಶಾಲೆ ಟೀಚರ್, ಬಿ ಗ್ರೂಪ್. ಗಂಡ ನಿತಿನ, ಸೈಕಲ್ ಅಂಗಡಿ, ಓ ಗ್ರೂಪ್. ಗ್ರೂಪೇನೋ ಆಗುತ್ತದೆ, ಆದರೆ ಆಕೆಯ ರಕ್ತದಲ್ಲಿ ಗಂಡನ ಕಿಡ್ನಿಯನ್ನು ಹೊರಗೆ ತಳ್ಳುವ ಆಂಟಿಬಾಡಿ ಉಂಟಂತೆ. ನನ್ನ ಟೆಸ್ಟುಗಳೂ ಸರಿಯಾಗಿವೆ, ಶುಗರ್ ಗೆರೆಯ ಈಚೆಗೇ ನಿಂತಿದೆ. ಇನ್ನೇನು ಎಂದುಕೊಂಡರೆ – ಮದುವೆ ಸರ್ಟಿಫಿಕೇಟ್ ಬೇಕಂತೆ. ನಾನು ಇವರ ಹೆಂಡತಿ ಎಂಬುದಕ್ಕೆ ಪುರಾವೆ! ಮದುವೆಯಾದದ್ದು ಕಾರ್ಕಳದಲ್ಲಿ, ಛತ್ರದಲ್ಲಿ. ಆಗ ಯಾರು ರಿಜಿಸ್ಟರ್ ಮಾಡಿಸುತ್ತಿದ್ದರು? ಬಣ್ಣ ಮಾಸಿದ ಫೋಟೋ ಆಲ್ಬಮ್ ಹಿಡಿದು ಆಫೀಸಿನಿಂದ ಆಫೀಸಿಗೆ ಹೋಗುತ್ತಿದ್ದೇನೆ. ಒಬ್ಬ ಕ್ಲರ್ಕು ಫೋಟೋ ನೋಡಿ ಇದು ನೀವಲ್ಲ ಎಂದ. ಆಗ ಸಪೂರ ಇದ್ದೆ ಮಾರಾಯ, ಎಂದೆ ಕನ್ನಡದಲ್ಲೇ.

ಇವರಿಗೆ ಸುದ್ದಿ ಹೇಳಿದಾಗ ಮೊದಲು ಬಂದ ಮಾತು: “ನಿನ್ನನ್ನು ಕೊಯ್ಯುದಾ?” ಕೂಡಲೇ ಮುಖ ತಿರುಗಿಸಿದರು. ತಿಂಗಳಾದ ಮೇಲೆ ಆಡಿದ ಮೊದಲ ಪೂರ್ತಿ ವಾಕ್ಯ.

ಏಪ್ರಿಲ್ 2, ಬುಧವಾರ

ಮದುವೆ ಸರ್ಟಿಫಿಕೇಟ್ ಅಂತೂ ಸಿಕ್ಕಿತು. ಇವತ್ತು ಆಸ್ಪತ್ರೆಯ ಕಮಿಟಿಯ ಮುಂದೆ ಹೋದೆ. ಇವರನ್ನು ಹೊರಗೆ ಕೂರಿಸಿದರು. ಎದುರಿಗೆ ಕ್ಯಾಮೆರಾ. ನನ್ನನ್ನೇ ಕೇಳಿದರು, ಆಪರೇಷನ್ ಅಂದರೆ ಏನೆಂದು ಗೊತ್ತಾ, ಜೀವಕ್ಕೆ ಅಪಾಯವಾಗಬಹುದು ಗೊತ್ತಾ, ಗಂಡನೋ ಗಂಡನ ಮನೆಯವರೋ ಒತ್ತಾಯಿಸಿದ್ದಾರಾ. ಕೊನೆಯ ನಿಮಿಷದಲ್ಲೂ ಬೇಡ ಎನ್ನಬಹುದು, ಯಾಕೆಂದು ಯಾರಿಗೂ ಹೇಳಬೇಕಿಲ್ಲ ಎಂದರು. ಮೊದಲು ರೇಗಿತು, ನನ್ನ ಗಂಡ, ಇವರಿಗೇನು? ಆಮೇಲೆ ಹೊಳೆಯಿತು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹೀಗೆ ಕೂರಿಸಿ ಕೇಳಿದವರಿಲ್ಲ. ಮದುವೆಗೆ ಮೊದಲೂ ಇಲ್ಲ.

ಒತ್ತಾಯವಿಲ್ಲ ಎಂದೆ. ನಿಜ. ಹೆದರಿಕೆ ಉಂಟು ಎಂದೂ ಹೇಳಿದೆ. ಬರೆದುಕೊಂಡರು.

ಹೊರಗೆ ನಿಖಿತಾ ಕಾಯುತ್ತಿದ್ದಳು. “ಮೇಡಂ, ಅಶ್ವಿತ್‌ಗೆ ಗಾರ್ಡಿಯನ್ ನೀವೊಬ್ರೇ ಅಲ್ವಾ? ನಿಮಗೇ ಏನಾದ್ರೂ ಆದ್ರೆ?”

ಈ ಹುಡುಗಿ ಒಂದು ದಿನವಾದರೂ ನೆಮ್ಮದಿಯಿಂದ ಮನೆಗೆ ಕಳಿಸಿದ್ದುಂಟಾ.

ಏಪ್ರಿಲ್ 22, ಮಂಗಳವಾರ

ಮತ್ತೆ ಕಲೆಕ್ಟರ್ ಕಚೇರಿ. ಅದೇ ಬೆಂಚು, ಅದೇ ‘ಉದ್ಯಾ ಯಾ’. ಹರ್ಷಾ ಸದಾಶಿವ ಪೇಠೆಯ ಸಿಎ ಕ್ಲಾಸು ಬಿಟ್ಟು ಬಂದಿದ್ದಳು, ಮುಖ ಗಂಟಿಕ್ಕಿಕೊಂಡು. ನಾನಿಲ್ಲದಿದ್ದರೆ ಚಿಕ್ಕಪ್ಪನನ್ನು ನೋಡಿಕೊಳ್ಳುತ್ತೇನೆಂದು ಅವಳೇ ಹೇಳಿದ್ದು. ನಾನು ಕೇಳಿರಲಿಲ್ಲ. ಅಶ್ವಿತ್ ಧರ್ಮಣ್ಣ ಕೊಟ್ಟ ಶರ್ಟು ಹಾಕಿದ್ದ.

ಈ ಸಲ ಹೊಸ ಆಫೀಸರು, ಕನ್ನಡಕದ ಹೆಂಗಸು. ಹರ್ಷಾಳ ಕಾಗದ ನೋಡಿದರು, ನನ್ನದು ನೋಡಿದರು, ಎಲ್ಲ ಬದಿಗಿಟ್ಟು ಅಶ್ವಿತನ ಕಡೆ ಕುರ್ಚಿ ತಿರುಗಿಸಿದರು. ಅವನಿಗೆ ಮರಾಠಿ ಸ್ವಲ್ಪ ಬರುತ್ತದೆ, ಹೋಟೆಲಿನ ಮರಾಠಿ. ಹರ್ಷಾ ನಿನ್ನನ್ನು ನೋಡಿಕೊಳ್ಳಲಿ, ಆಗಬಹುದಾ ಎಂದು ಕೇಳಿದರು.

“ಹೂಂ.”

ಅಷ್ಟಕ್ಕೆ ಬಿಡಲಿಲ್ಲ ಆ ಹೆಂಗಸು. ಹರ್ಷಾ ಮಾಡುವುದರಲ್ಲಿ ನಿನಗೆ ಇಷ್ಟವಾಗದ್ದು ಏನು? ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಆಫೀಸರು ನನಗೆ ಕೈ ಅಡ್ಡ ಹಿಡಿದರು. ಸಿಟ್ಟು ಬಂತು. ಕಾದರು. ಫ್ಯಾನ್ ತಿರುಗುತ್ತಿತ್ತು. ಹೊರಗೆ ಜನ ಗಲಾಟೆ ಮಾಡುತ್ತಿದ್ದರು, ಅವರು ಕಾದೇ ಕಾದರು.

“ಸ್ಕೂಟರ್” ಎಂದ ಕೊನೆಗೆ. “ಭಾರೀ ಜೋರು ಬಿಡ್ತಾಳೆ. ನಾನು ಕೂರುದಿಲ್ಲ.”

ಹರ್ಷಾ ಬಾಯಿ ಬಿಟ್ಟು ನೋಡಿದಳು. “ಯಾಕೆ ಇಷ್ಟು ದಿನ ಹೇಳ್ಲಿಲ್ಲ ಚಿಕ್ಕಪ್ಪ?”

“ನೀನು ಕೇಳ್ಲಿಲ್ಲ.”

ಆ ಹೆಂಗಸು ಅದನ್ನೂ ಆರ್ಡರಿನಲ್ಲಿ ಬರೆಸಿದರು. ಆಣೆ ಮಾಡಿ ಹೇಳುತ್ತೇನೆ. ಸರಕಾರಿ ಮರಾಠಿಯಲ್ಲಿ, ಸೀಲು ಹಾಕಿ – ಇವನಿಗೆ ಇಷ್ಟವಿಲ್ಲದೆ ಸ್ಕೂಟರಿನಲ್ಲಿ ಕರೆದೊಯ್ಯಕೂಡದು. ಟೈಪಿಸ್ಟನ ಪ್ರಿಂಟರು ಕೆಟ್ಟಿತ್ತು, ಒಂದು ಸ್ಕೂಟರಿಗಾಗಿ ಸಂಜೆಯವರೆಗೆ ಕಾಯಿಸಿದರು. ತಲೆನೋವು ಬಂತು. ಮನೆಗೆ ಬಸ್ಸಿನಲ್ಲಿ ಬಂದೆವು, ಮೂವರೂ ನಿಂತುಕೊಂಡು. ಹರ್ಷಾಳ ಸ್ಕೂಟರು ಅಲ್ಲೇ ಪಾರ್ಕಿಂಗಿನಲ್ಲಿ.

ಮೇ 8, ಗುರುವಾರ. ಆಸ್ಪತ್ರೆ.

ನಾಳೆ ನಾಲ್ಕೂ ಜನರಿಗೆ ಒಟ್ಟಿಗೆ ಆಪರೇಷನ್. ನಿತಿನನನ್ನೂ ಅವನ ಹೆಂಡತಿಯನ್ನೂ ಇವತ್ತು ನೋಡಿದೆ. ಆಕೆ ನನ್ನ ಕೈ ಹಿಡಿದುಕೊಂಡರು. ಮಕ್ಕಳೆಷ್ಟು ಎಂದು ಕೇಳಿದೆ. ಧರ್ಮಣ್ಣ ಬಂದು ಬಾಗಿಲಲ್ಲೇ ನಿಂತರು. ಫ್ಲಾಸ್ಕಿನಲ್ಲಿ ರಾಗಿ ಅಂಬಲಿ. ಈಗ ಏನೂ ಕುಡಿಯಬಾರದು ಎಂದರೆ, ಹಾಗಾದ್ರೆ ನಾಳೆಗೆ ಇರ್ಲಿ ಎಂದು ಇಟ್ಟು ಹೋದರು. ನಾಳೆ ಹುಳಿ ಬಂದಿರುತ್ತದೆ. ಹೇಳಲಿಲ್ಲ.

ಮೇ 27, ಮಂಗಳವಾರ. ಮನೆ.

ಬದುಕಿದ್ದೇನೆ. ಇವರೂ. ಸಾತಾರಾದವರೂ. ನಕ್ಕರೆ ಹೊಲಿಗೆ ಹಿಡಿಯುತ್ತದೆ, ಅಶ್ವಿತ್ ನಗಿಸುತ್ತಾನೆ. ಅಣ್ಣನೊಳಗೆ ಈಗ ಸಾತಾರಾದ ಕಿಡ್ನಿ ಉಂಟು, ಅದಕ್ಕೆ ಕನ್ನಡ ಬರ್ತದಾ ಎಂದು ಕೇಳಿದ. ಇವರು ನಕ್ಕು, ನೋವಿಗೆ ಬೈದು, ಮತ್ತೆ ನಕ್ಕರು. ಮುಖದ ಊತ ಇಳಿದಿದೆ. ಹಳೆಯ ಮೂಗು ಕಾಣುತ್ತಿದೆ.

ಜೂನ್ 14, ಶನಿವಾರ. ಬೆಳಿಗ್ಗೆ.

ಬಾಲ್ಕನಿಯಲ್ಲಿ ಕೂತಿದ್ದೆವು. ಇಬ್ಬರೇ. ಇವರು ರಸ್ತೆ ನೋಡುತ್ತಾ ಹೇಳಿದರು:

“ನೀನು ತಡೀದಿದ್ರೆ ನಾನು ತಗೊಳ್ತಿದ್ದೆ ಲೀಲಾ. ಅವನದ್ದೇ.”

“ಗೊತ್ತುಂಟು.”

“ತಗೊಂಡು ಹಾಯಾಗಿ ಬದುಕ್ತಿದ್ದೆ. ಅದೇ ನನಗೆ ಹೆದರಿಕೆ ಆಗುದು ಈಗ.”

ಕೆಳಗೆ ತರಕಾರಿಯವನು ಕೂಗುತ್ತಿದ್ದ. ಆಮೇಲೆ ಕೇಳಿದರು, ನನ್ನ ಮೇಲೆ ಸಿಟ್ಟು ಉಂಟಾ?

ಉಂಟು, ಎಂದೆ. ಉಂಟು, ಸ್ವಲ್ಪ ದಿನ ಇರ್ತದೆ, ಇರಲಿ. ನಿಮಗೆ ನನ್ನ ಮೇಲೆ?

“ಸ್ವಲ್ಪ” ಎಂದರು.

ಸರಿಹೋಯಿತು. ಮಾತ್ರೆಯ ಹೊತ್ತಾಗಿದೆ. ಒಂದು ದಿನ ತಪ್ಪಿದರೂ ದೇಹ ಆ ಕಿಡ್ನಿಯನ್ನು ಹೊರಗೆ ಹಾಕುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದಾರೆ, ಖಾಲಿ ಹೊಟ್ಟೆಯಲ್ಲಿ ಎಂದು ಎಷ್ಟು ಸಲ ಹೇಳಿದ್ದಾರೆ, ಇವರು ನೋಡಿದರೆ ಮೊದಲು ಕಾಫಿ ಎಂದು ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಾರೆ. ಅಯ್ಯೋ, ಹಾಲು ಉಕ್ಕಿಸಿದರೋ ಏನೋ, ಈ ಮನುಷ್ಯನಿಗೆ ಎಷ್ಟು ಹೇಳಿದರೂ –